ಮೆಮೊರಿ ಚಿಪ್ ಅರ್ಜಿಗೆ ಬಂದ ಮೊದಲ ಪರಿಶೀಲನಾ ವರದಿ: ಕ್ಲೇಮ್‌ಗಳನ್ನು ಹೇಗೆ ತಿದ್ದುವುದು?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್, ಫೋನ್‌ಗಳ ಕೆಲಸದ ಮೆಮೊರಿಯಾದ ಡಿರಾಮ್ ಚಿಪ್‌ನ ರಿಫ್ರೆಶ್‌ಗೆ ಸಂಬಂಧಿಸಿ ನಾನು ಮತ್ತು ನನ್ನ ಸಹೋದ್ಯೋಗಿಯೊಬ್ಬರು ಕೂಡಿ ಸಲ್ಲಿಸಿದ್ದ ಪೇಟೆಂಟ್ ಅರ್ಜಿಗೆ ಮೊದಲ ಪರಿಶೀಲನಾ ವರದಿ ಬಂದಿದೆ. ಅರ್ಜಿಯನ್ನು ಏಜೆಂಟರ ನೆರವಿಲ್ಲದೆ ನಾವೇ ಬರೆದದ್ದು. ಉತ್ತರಿಸಲು ಆರು ತಿಂಗಳ ಅವಕಾಶವಿದ್ದು ಅದರಲ್ಲಿ ಸಾಕಷ್ಟು ಕಾಲ ಇನ್ನೂ ಉಳಿದಿದೆ. ಆದರೂ ಆಕ್ಷೇಪಣೆಗಳನ್ನು ನಾವು ಸರಿಯಾಗಿ ಗ್ರಹಿಸಿದ್ದೇವೆಯೇ ಎಂದು ತಿಳಿದವರಲ್ಲಿ ಕೇಳಿಕೊಂಡೇ ಮುಂದುವರಿಯಬೇಕೆಂದಿದ್ದೇವೆ.

ವಿಷಯ ಇಷ್ಟು. ಡಿರಾಮ್‌ನ ಪ್ರತಿ ಕೋಶದಲ್ಲಿ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್ ಇರುತ್ತವೆ. ಕೆಪಾಸಿಟರ್‌ನಲ್ಲಿ ತುಂಬಿದ ಚಾರ್ಜ್ ಸೋರಿಹೋಗುವುದರಿಂದ ಎಲ್ಲ ಸಾಲುಗಳನ್ನೂ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಚಿಪ್‌ನ ಉಷ್ಣತೆ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ 32 ಮಿಲಿಸೆಕೆಂಡಿಗೊಮ್ಮೆ, ಓದಿ ಮತ್ತೆ ಬರೆಯಬೇಕಾಗುತ್ತದೆ. ಇದೇ ರಿಫ್ರೆಶ್. ವಾಸ್ತವದಲ್ಲಿ ಬಹುಪಾಲು ಕೋಶಗಳು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಚಾರ್ಜ್ ಹಿಡಿದಿಟ್ಟುಕೊಳ್ಳಬಲ್ಲವು. ಕೆಲವೇ ದುರ್ಬಲ ಕೋಶಗಳ ಸಲುವಾಗಿ ಇಡೀ ಚಿಪ್ಪನ್ನು ಪದೇ ಪದೇ ರಿಫ್ರೆಶ್ ಮಾಡುವುದರಿಂದ ವಿದ್ಯುತ್ತು ಹಾಳಾಗುತ್ತದೆ, ಆ ಹೊತ್ತಿಗೆ ಮೆಮೊರಿ ಬೇರೆ ಕೆಲಸಕ್ಕೂ ಸಿಗುವುದಿಲ್ಲ.

ನಮ್ಮ ವಿನ್ಯಾಸದಲ್ಲಿ ಪ್ರತಿ ಸಬ್‌ಅರೇಯೊಳಗೆ, ಅಂದರೆ ಕೋಶಗಳ ಪ್ರತಿ ಚಿಕ್ಕ ವಿಭಾಗದೊಳಗೆ, ಒಂದು ಕಾವಲು ಸಾಲು ಇರುತ್ತದೆ. ಅದರ ವರ್ಡ್‌ಲೈನ್‌ಗೆ (ಸಾಲನ್ನು ತೆರೆಯುವ ತಂತಿಗೆ) ಇತರ ಸಾಲುಗಳಿಗಿಂತ ಕಡಿಮೆ ವೋಲ್ಟೇಜ್ ಕೊಡುವುದರಿಂದ ಅಲ್ಲಿನ ಕೋಶಗಳಲ್ಲಿ ಚಾರ್ಜ್ ಪೂರ್ತಿ ತುಂಬುವುದಿಲ್ಲ, ಹಾಗಾಗಿ ಉಳಿದ ಸಾಲುಗಳಿಗಿಂತ ಮೊದಲೇ ಆ ಸಾಲಿನ ದತ್ತಾಂಶ ಕೆಡುತ್ತದೆ. ಉಳಿದ ಸಾಲುಗಳು ಬಳಸುವ ಅದೇ ಬಿಟ್‌ಲೈನ್ (ದತ್ತಾಂಶ ಸಾಗುವ ತಂತಿ) ಮತ್ತು ಅದೇ ಸೆನ್ಸ್ ಆಂಪ್ಲಿಫೈಯರ್‌ಗಳ (ಚಾರ್ಜನ್ನು ಗ್ರಹಿಸುವ ಸರ್ಕ್ಯೂಟ್‌ಗಳ) ಮೂಲಕ ಅದನ್ನು ಓದಿ, ದತ್ತಾಂಶ ಕೆಟ್ಟಿದ್ದರೆ ಆ ಸಬ್‌ಅರೇಯ ರಿಫ್ರೆಶ್ ಅವಧಿಯನ್ನು ತಗ್ಗಿಸುತ್ತೇವೆ, ಸರಿಯಿದ್ದರೆ ಹಂತಹಂತವಾಗಿ ಹೆಚ್ಚಿಸುತ್ತೇವೆ.

ಒಟ್ಟು ಹತ್ತು ಕ್ಲೇಮ್‌ಗಳಲ್ಲಿ, ಅಂದರೆ ನಾವು ಹಕ್ಕು ಕೋರಿರುವ ಅಂಶಗಳಲ್ಲಿ, 1ರಿಂದ 6 ವಿಧಾನಕ್ಕೆ, 7ರಿಂದ 10 ಚಿಪ್‌ಗೆ ಸಂಬಂಧಿಸಿವೆ. ಎಕ್ಸಾಮಿನರ್ ಎರಡು ದಾಖಲೆಗಳನ್ನು ಮುಂದಿಟ್ಟಿದ್ದಾರೆ. ಡಿ1 ಎಂಬುದು 2012ರಲ್ಲಿ ಕಂಪ್ಯೂಟರ್ ವಿನ್ಯಾಸದ ಇಸ್ಕಾ ಸಮ್ಮೇಳನದಲ್ಲಿ ಪ್ರಕಟವಾದ ರೈಡರ್ ಎಂಬ ಸಂಶೋಧನಾ ಪ್ರಬಂಧ. ಡಿ2 ಎಂಬುದು ಚಿಪ್‌ನ ಅಂಚಿನಲ್ಲಿ ಸೋರಿಕೆ ಅಳೆಯುವ ಕೋಶವನ್ನಿಟ್ಟು ಸೆಲ್ಫ್ ರಿಫ್ರೆಶ್‌ನ ಟೈಮರ್ ನಡೆಸುವ ಹಳೆಯ ಅಮೆರಿಕನ್ ಪೇಟೆಂಟ್. ಎರಡನ್ನೂ ಕೂಡಿಸಿದರೆ ನಮ್ಮದು ಸಹಜವಾಗಿ ಹೊಳೆಯುವಂಥದ್ದೇ ಎಂಬುದು ಪೇಟೆಂಟ್ ಕಾಯ್ದೆಯ ಕಲಂ 2(1)(ಜೆಎ) ಅಡಿಯ ಆಕ್ಷೇಪಣೆ. ವಿಧಾನದ ಕ್ಲೇಮ್‌ಗಳು ಕೇವಲ ಅಲ್ಗಾರಿದಮ್ ಎಂದು ಕಲಂ 3(ಕೆ), ಸಾಲಿನ ಸ್ಥಾನವನ್ನು ಹೇಳುವ ಕ್ಲೇಮ್ ಚಿಪ್‌ನ ಟೊಪೊಗ್ರಫಿ ಎಂದು ಕಲಂ 3(ಒ), 'ಗಣನೀಯವಾಗಿ ಕಡಿಮೆ ವೋಲ್ಟೇಜ್' ಎಂಬ ಮಾತು ಅಸ್ಪಷ್ಟವೆಂದು ಕಲಂ 10(5). ಎಲ್ಲಿಂದ ಆರಂಭಿಸಬೇಕು?

ಸಾಗರದ ಪೇಟೆಂಟ್ ಏಜೆಂಟ್

ಮೊದಲಿಗೆ ಒಂದು ಮಾತು. ಅರ್ಜಿ ಈಗಾಗಲೇ ಪೇಟೆಂಟ್ ಕಚೇರಿಯ ಜರ್ನಲ್‌ನಲ್ಲಿ ಪ್ರಕಟವಾಗಿದೆ ಎಂದೇ ಭಾವಿಸುತ್ತೇನೆ, ಪ್ರಕಟವಾಗದೆ ಪರಿಶೀಲನೆ ನಡೆಯುವುದಿಲ್ಲ. ಆದ್ದರಿಂದ ಅದರಲ್ಲಿರುವ ಸಂಗತಿಯನ್ನು ಇಲ್ಲಿ ಚರ್ಚಿಸಿದರೆ ನಿಮಗೆ ನಷ್ಟವಿಲ್ಲ. ಅರ್ಜಿಯಲ್ಲಿ ಇಲ್ಲದ ಹೊಸ ಸುಧಾರಣೆಯೇನಾದರೂ ತಲೆಯಲ್ಲಿದ್ದರೆ ಅದನ್ನು ಮಾತ್ರ ಇಲ್ಲಿ ಬರೆಯಬೇಡಿ.

ಆರು ತಿಂಗಳು ಸಾಲದಿದ್ದರೆ ನಮೂನೆ 4ರಲ್ಲಿ ಕೋರಿ, ಶುಲ್ಕ ಕಟ್ಟಿ ಇನ್ನೂ ಮೂರು ತಿಂಗಳು ಪಡೆಯಬಹುದು. ಸಿಕ್ಕ ಕಾಲಾವಕಾಶವೆಲ್ಲ ಮೀರಿದರೆ ಕಲಂ 21ರ ಪ್ರಕಾರ ಅರ್ಜಿಯನ್ನು ನೀವೇ ಕೈಬಿಟ್ಟಂತೆ.

ಚಿಕ್ಕ ಆಕ್ಷೇಪಣೆಗಳನ್ನು ಮೊದಲು ಮುಗಿಸೋಣ. 3(ಒ) ಅಡಿಯಲ್ಲಿ ನಿಷಿದ್ಧವಾಗಿರುವುದು ಇಂಟಿಗ್ರೇಟೆಡ್ ಸರ್ಕ್ಯೂಟ್‌ನ ಟೊಪೊಗ್ರಫಿ, ಅಂದರೆ ಲೇಔಟ್ ಚಿತ್ತಾರ. ಅದಕ್ಕೆ 2000ನೇ ಇಸವಿಯ ಪ್ರತ್ಯೇಕ ಲೇಔಟ್ ವಿನ್ಯಾಸ ಕಾಯ್ದೆಯಿದೆ, ಅಲ್ಲಿ ನೋಂದಾಯಿಸಿದರೆ ಹತ್ತು ವರ್ಷಗಳ ರಕ್ಷಣೆ ಸಿಗುತ್ತದೆ. ನಿಮ್ಮ ಕ್ಲೇಮ್ ಹೇಳುತ್ತಿರುವುದು ಸಾಲು ಯಾವ ಬಿಟ್‌ಲೈನ್‌ಗೆ ಜೋಡಿಸಿದೆ, ಯಾವ ವೋಲ್ಟೇಜ್‌ನಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು. ಅದು ರಚನೆ ಮತ್ತು ಕಾರ್ಯ, ಚಿತ್ತಾರವಲ್ಲ. ಇಷ್ಟನ್ನು ಒಂದು ಪರಿಚ್ಛೇದದಲ್ಲಿ ಬರೆದು, 'ಎಡಬದಿಯಲ್ಲಿ', 'ಮೇಲ್ತುದಿಯಲ್ಲಿ' ಎಂಬಂಥ ಮಾತುಗಳಿದ್ದರೆ ತೆಗೆದುಬಿಡಿ. 'ಗಣನೀಯವಾಗಿ' ಎಂಬುದೂ ಹೋಗಲಿ. ಅದರ ಬದಲು ಆ ವೋಲ್ಟೇಜ್ ಯಾವುದಕ್ಕೆ ಹೋಲಿಸಿದರೆ ಕಡಿಮೆ ಎಂದು ಹೇಳಿ.

3(ಕೆ) ವಿಷಯದಲ್ಲಿ ವಾದಕ್ಕೆ ಜಾಗವಿದೆ. ಕಾಯ್ದೆಯಲ್ಲಿರುವ 'ಪರ್ ಸೆ' (ಅದಷ್ಟೇ ಆಗಿದ್ದರೆ) ಎಂಬ ಮಾತು ಕಂಪ್ಯೂಟರ್ ಪ್ರೋಗ್ರಾಂಗೆ ಸೇರಿದ್ದು. ಫೆರಿಡ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2019ರಲ್ಲಿ ಹೇಳಿದಂತೆ, ತಾಂತ್ರಿಕ ಪರಿಣಾಮವನ್ನು ತೋರುವ ಆವಿಷ್ಕಾರವನ್ನು ಪ್ರೋಗ್ರಾಂ ಇದೆ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ. ಆದರೆ ನಿಮ್ಮ ಅರ್ಜಿಯಲ್ಲಿ ಚಿಪ್ ಕ್ಲೇಮ್‌ಗಳು ಮೊದಲಿನಿಂದಲೂ ಇವೆ. ಅವು ಕೈಯಲ್ಲಿರುವಾಗ ವಿಧಾನದ ಕ್ಲೇಮ್‌ಗಾಗಿ ಜಗಳಕ್ಕೆ ಇಳಿಯುವುದು ನನಗೆ ವಿವೇಕವೆನಿಸುವುದಿಲ್ಲ. 1ರಿಂದ 6ನ್ನು ಬಿಟ್ಟು 7ರಿಂದ ಆರಂಭಿಸಿ. ಚಿಪ್ ಕ್ಲೇಮ್ ಇಲ್ಲದಿದ್ದರೆ ಕಷ್ಟವಾಗುತ್ತಿತ್ತು, ಏಕೆಂದರೆ ಕಲಂ 59ರ ಪ್ರಕಾರ ತಿದ್ದಿದ ಕ್ಲೇಮ್ ತಿದ್ದುವ ಮೊದಲಿದ್ದ ಕ್ಲೇಮ್‌ಗಳ ವ್ಯಾಪ್ತಿಯೊಳಗೇ ಇರಬೇಕು. ಅರ್ಜಿಯ ವಿವರಣೆಯಲ್ಲಿದೆ ಎಂದಮಾತ್ರಕ್ಕೆ ಹೊರಗಿನದನ್ನು ಒಳಗೆ ತರಲು ಬಿಡುವುದಿಲ್ಲ.

ನಿಜವಾದ ಕೆಲಸವಿರುವುದು 2(1)(ಜೆಎ)ಯಲ್ಲಿ. ಡಿ1, ಡಿ2 ಎರಡನ್ನೂ ಆದಿಯಿಂದ ಅಂತ್ಯದವರೆಗೆ ಓದಿದ್ದೀರಾ, ಅಥವಾ ವರದಿಯಲ್ಲಿ ಉಲ್ಲೇಖಿಸಿದ ಪರಿಚ್ಛೇದಗಳನ್ನಷ್ಟೇ ನೋಡಿದ್ದೀರಾ?

ತುಂಗಾತೀರ, ಶಿವಮೊಗ್ಗ

ಎರಡನ್ನೂ ಪೂರ್ತಿ ಓದಿದ್ದೇವೆ, ಮೇಡಂ. ಡಿ1ರಲ್ಲಿ ಸಾಲುಗಳನ್ನು ಚಾರ್ಜ್ ಹಿಡಿದಿಡುವ ಕಾಲಕ್ಕೆ ಅನುಗುಣವಾಗಿ ಗುಂಪು ಮಾಡಿ, ಆ ಗುಂಪುಗಳ ಮಾಹಿತಿಯನ್ನು ಚಿಪ್‌ನ ಹೊರಗಿದ್ದು ಅದನ್ನು ನಡೆಸುವ ಮೆಮೊರಿ ಕಂಟ್ರೋಲರ್‌ನಲ್ಲಿ, ಬ್ಲೂಮ್ ಫಿಲ್ಟರ್ ಎಂಬ ಅಡಕ ಪಟ್ಟಿಗಳಲ್ಲಿ ಇಡುತ್ತಾರೆ. 32 ಜಿಬಿ ವ್ಯವಸ್ಥೆಗೆ 1.25 ಕೆಬಿ ಸಂಗ್ರಹ ಸಾಕು, ರಿಫ್ರೆಶ್‌ಗಳು ಶೇ. 74.6ರಷ್ಟು ಕಡಿಮೆಯಾಗುತ್ತವೆ ಎಂಬುದು ಅವರ ಫಲಿತಾಂಶ. ಡಿರಾಮ್ ಚಿಪ್‌ನ ಒಳಗೆ ಯಾವ ಬದಲಾವಣೆಯೂ ಬೇಕಿಲ್ಲ ಎಂಬುದನ್ನು ಅವರು ದೊಡ್ಡ ಅನುಕೂಲವೆಂದು ಹೇಳಿಕೊಂಡಿದ್ದಾರೆ. ನಾವು ಬದಲಾಯಿಸುತ್ತಿರುವುದು ಚಿಪ್ಪನ್ನೇ. ಡಿ1 ನಮ್ಮ ದಾರಿಯಿಂದ ಓದುಗನನ್ನು ದೂರ ಒಯ್ಯುತ್ತದೆ ಎಂದು ವಾದಿಸಬಹುದಲ್ಲವೇ?

ಬೆಂಗಳೂರಿನಲ್ಲಿರುವ ತೀರ್ಥಹಳ್ಳಿಯವ

ನಾನು ಮೆಮೊರಿ ವಿನ್ಯಾಸದಲ್ಲೇ ಕೆಲಸ ಮಾಡುವವನು. ತಾವು ಹೇಳಿದ ವಾದ ವಿಚಾರಣೆಯಲ್ಲಿ ನಿಲ್ಲುತ್ತದೆಂದು ನನಗೆ ತೋರುವುದಿಲ್ಲ. 'ಚಿಪ್ ಬದಲಿಸಬೇಕಿಲ್ಲ' ಎಂಬುದು ಒಂದು ಅನುಕೂಲದ ಮಾತೇ ಹೊರತು 'ಚಿಪ್ ಬದಲಿಸಿದರೆ ಕೆಲಸವಾಗದು' ಎಂಬ ಎಚ್ಚರಿಕೆಯಲ್ಲ. ವಿಚಾರಣೆ ನಡೆಸುವ ಪೇಟೆಂಟ್ ಕಚೇರಿಯ ಅಧಿಕಾರಿ, ಅಂದರೆ ಕಂಟ್ರೋಲರ್, ಈ ವ್ಯತ್ಯಾಸವನ್ನು ಒಂದೇ ವಾಕ್ಯದಲ್ಲಿ ಎತ್ತಿ ತೋರಿಸಿದರೆ ಉತ್ತರಕ್ಕೆ ಏನೂ ಉಳಿಯುವುದಿಲ್ಲ.

ಡಿ1ರ ನಿಜವಾದ ಕೊರತೆ ಬೇರೆ ಕಡೆಯಿದೆ. ಅಲ್ಲಿ ಸಾಲುಗಳ ಸಾಮರ್ಥ್ಯವನ್ನು ಮೊದಲೇ ಅಳೆದು ಪಟ್ಟಿ ಮಾಡಿಕೊಳ್ಳುತ್ತಾರೆ. ಕೆಲವು ಕೋಶಗಳು ಇಂದು ಚಾರ್ಜ್ ಚೆನ್ನಾಗಿ ಹಿಡಿದಿಟ್ಟು ನಾಳೆ ಹಠಾತ್ತಾಗಿ ಸೋರತೊಡಗುತ್ತವೆ, ಮತ್ತೆ ಸರಿಹೋಗುತ್ತವೆ. ವೇರಿಯಬಲ್ ರಿಟೆನ್ಷನ್ ಟೈಮ್ ಎಂದು ನಾವು ಕರೆಯುವ ಈ ಗುಣ ಡಿರಾಮ್ ಕೆಲಸ ಮಾಡುವವರಿಗೆಲ್ಲ ಚಿರಪರಿಚಿತ ತಲೆನೋವು. ಹಳೆಯ ಪಟ್ಟಿ ಅದನ್ನು ಹಿಡಿಯಲಾರದು.

ಆದರೆ ಇಲ್ಲೇ ತಮಗೂ ಒಂದು ಕಷ್ಟದ ಪ್ರಶ್ನೆಯಿದೆ. ಕಾವಲು ಸಾಲು ಕೆಡುವುದಕ್ಕೆ ಮೊದಲು ಅದೇ ಸಬ್‌ಅರೇಯ ಬೇರೊಂದು ಸಾಲಿನ ಒಂದೇ ಒಂದು ಕೋಶ ಹೀಗೆ ಹಠಾತ್ತಾಗಿ ಸೋರಿದರೆ ಗತಿಯೇನು? ಕಾವಲು ಸಾಲು ಸಬ್‌ಅರೇಯ ಒಟ್ಟಾರೆ ಸ್ಥಿತಿಯನ್ನು, ಮುಖ್ಯವಾಗಿ ಉಷ್ಣತೆಯನ್ನು ಹೇಳಬಲ್ಲದು. ಒಂಟಿ ದುರ್ಬಲ ಕೋಶದ ಸುದ್ದಿ ಅದಕ್ಕೆ ತಿಳಿಯದು. ಹಾಗಿದ್ದಮೇಲೆ ಡಿ2ರ ಅಂಚಿನ ಕೋಶವನ್ನು ಸಬ್‌ಅರೇಯೊಳಗೆ ತಂದಿಟ್ಟಿದ್ದಷ್ಟೇ ತಮ್ಮ ಸಾಧನೆ ಎಂದು ಎಕ್ಸಾಮಿನರ್ ಹೇಳಿದರೆ ಅದನ್ನು ಸುಲಭವಾಗಿ ಅಲ್ಲಗಳೆಯಲಾಗುವುದಿಲ್ಲ. ವಿವರಣೆಯಲ್ಲಿ ಇದಕ್ಕೆ ಪರಿಹಾರ ಬರೆದಿದ್ದೀರಾ?

ಅಡಿಕೆ ಯಂತ್ರದವರು, ಹೊಸನಗರ

ಚಿಪ್ಪಿನ ವಿದ್ಯೆ ನನ್ನದಲ್ಲ. ಅಡಿಕೆ ಸುಲಿಯುವ ಯಂತ್ರದ ಒಂದು ಅರ್ಜಿಯನ್ನು ಈ ಹಾದಿಯಲ್ಲೇ ನಡೆಸಿಕೊಂಡು ಹೋದವನಾದ್ದರಿಂದ ಎರಡು ಮಾತು.

ನಮ್ಮ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಒಮ್ಮೆ ವಿಂಗಡಿಸಿ ಮೂಟೆಗೆ ಚೀಟಿ ಹಚ್ಚಿದ ಹಾಗೆ ಡಿ1 ಎಂದು ತೋರುತ್ತದೆ. ಮೂಟೆಯೊಳಗಿನ ಅಡಿಕೆಗೆ ಮಳೆಗಾಲದಲ್ಲಿ ಬೂಷ್ಟು ಹಿಡಿದರೆ ಚೀಟಿಗೆ ಗೊತ್ತಾಗುವುದಿಲ್ಲ. ತೀರ್ಥಹಳ್ಳಿಯವರು ಹೇಳಿದ್ದನ್ನು ನಾನು ಹೀಗೆ ತಿಳಿದುಕೊಂಡೆ.

ನನ್ನ ಅರ್ಜಿಗೂ ಎರಡು ಹಳೆಯ ಯಂತ್ರಗಳನ್ನು ಕೂಡಿಸಿ ಆಕ್ಷೇಪಣೆ ಬಂದಿತ್ತು. ನಮ್ಮ ಯಂತ್ರ ಎಷ್ಟು ಉಪಯುಕ್ತ, ಕೂಲಿಯಾಳುಗಳು ಸಿಗದ ಈ ಕಾಲದಲ್ಲಿ ಎಷ್ಟು ಅಗತ್ಯ ಎಂದು ಪುಟಗಟ್ಟಲೆ ಬರೆಯಬೇಕೆಂದಿದ್ದೆ. ನನ್ನ ಏಜೆಂಟರು ಅದನ್ನೆಲ್ಲ ತೆಗೆಸಿ, ಬ್ಲೇಡು ಮತ್ತು ರೋಲರ್ ನಡುವಿನ ಸ್ಪ್ರಿಂಗು ಕಾಯಿಯ ಗಾತ್ರಕ್ಕೆ ತಕ್ಕಂತೆ ತಾನಾಗಿ ಹೇಗೆ ಹೊಂದಿಕೊಳ್ಳುತ್ತದೆ ಎಂಬುದೊಂದನ್ನೇ ಬರೆಸಿದರು. ಬಿಶ್ವನಾಥ್ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದ್ದನ್ನು ಅವರು ನನಗೆ ಓದಿ ತಿಳಿಸಿದ್ದರು: ಆವಿಷ್ಕಾರವೆಂದರೆ ವರ್ಕ್‌ಶಾಪಿನ ಸಾಮಾನ್ಯ ಸುಧಾರಣೆಗಿಂತ ಮೇಲಿನದಾಗಿರಬೇಕು. ಆ ಪ್ರಕರಣವೂ ಪಾತ್ರೆ ತಯಾರಿಸುವ ಯಂತ್ರದ್ದು, ಹಾಗಾಗಿ ನನಗೆ ಚೆನ್ನಾಗಿ ಅರ್ಥವಾಯಿತು.

ತುಂಗಾತೀರ, ಶಿವಮೊಗ್ಗ

ತೀರ್ಥಹಳ್ಳಿಯವರ ಪ್ರಶ್ನೆಗೆ ವಿವರಣೆಯಲ್ಲಿ ಉತ್ತರವಿದೆ. ಕ್ಲೇಮ್ 9 ಕೂಡ ಅದನ್ನೇ ಹೇಳುತ್ತದೆ. ಚಿಪ್‌ನೊಳಗಿನ ದೋಷ ತಿದ್ದುವ ಸರ್ಕ್ಯೂಟ್, ಅಂದರೆ ಇಸಿಸಿ, ಸಾಮಾನ್ಯ ಸಾಲುಗಳಲ್ಲಿ ತಿದ್ದಿದ ದೋಷಗಳನ್ನು ಸಬ್‌ಅರೇವಾರು ಎಣಿಸುತ್ತದೆ. ಆ ಎಣಿಕೆ ಹೆಚ್ಚಾದರೆ ಕಾವಲು ಸಾಲಿನ ವರ್ಡ್‌ಲೈನ್ ವೋಲ್ಟೇಜ್ ಒಂದು ಹಂತ ಇಳಿಯುತ್ತದೆ. ಆಗ ಅದರಲ್ಲಿ ತುಂಬುವ ಚಾರ್ಜ್ ಇನ್ನೂ ಕಡಿಮೆಯಾಗಿ, ಅದು ಇನ್ನೂ ಬೇಗ ಕೆಟ್ಟು ರಿಫ್ರೆಶ್ ಅವಧಿಯನ್ನು ತಗ್ಗಿಸುತ್ತದೆ. ಎಣಿಕೆ ಬಹುಕಾಲ ಸೊನ್ನೆಯಲ್ಲೇ ನಿಂತರೆ ವೋಲ್ಟೇಜ್ ಒಂದು ಹಂತ ಏರುತ್ತದೆ. ಡಿಡಿಆರ್5 ಎಂಬ ಬಗೆಯ ಡಿರಾಮ್‌ನಲ್ಲಿ 128 ಬಿಟ್‌ಗಳಿಗೆ 8 ಬಿಟ್‌ಗಳಂತೆ ಚಿಪ್‌ನೊಳಗೇ ಇಸಿಸಿ ಇರುವುದರಿಂದ ಹೆಚ್ಚುವರಿ ಖರ್ಚು ಒಂದು ಕೌಂಟರ್ ಮತ್ತು ವೋಲ್ಟೇಜ್ ಆಯ್ಕೆಯ ಸ್ವಿಚ್ ಮಾತ್ರ. ಇದನ್ನು ನಾವು ಸಣ್ಣ ಸೇರ್ಪಡೆಯೆಂದೇ ಎಣಿಸಿ ಇನ್ನೊಂದು ಕ್ಲೇಮ್‌ಗೆ ಜೋಡಿಸಿದ ಅವಲಂಬಿತ ಕ್ಲೇಮ್ ಆಗಿ ಬರೆದಿದ್ದೆವು.

ಬೆಂಗಳೂರಿನಲ್ಲಿರುವ ತೀರ್ಥಹಳ್ಳಿಯವ

ತಮ್ಮ ಆವಿಷ್ಕಾರ ಅದೇ. ಉಳಿದದ್ದು ಅದಕ್ಕೆ ಹಾಕಿದ ಚಪ್ಪರ.

ಐಬಿಎಂನ ರಾಬರ್ಟ್ ಡೆನಾರ್ಡ್ 1967ರಲ್ಲಿ ಅರ್ಜಿ ಹಾಕಿ 1968ರ ಜೂನ್‌ನಲ್ಲಿ ಪಡೆದ ಅಮೆರಿಕದ 3,387,286ನೇ ಪೇಟೆಂಟನ್ನು ಒಮ್ಮೆ ಓದಿ. ಕೆಪಾಸಿಟರ್‌ನಲ್ಲಿ ಚಾರ್ಜ್ ಇಟ್ಟು ಬಿಟ್ ನೆನಪಿಡುವ ಆಲೋಚನೆ ಅವರಿಗಿಂತ ಹಿಂದಿನದು. ಒಂದೇ ಟ್ರಾನ್ಸಿಸ್ಟರ್ ಮೂಲಕ ಬರೆಯುವುದನ್ನೂ ಓದುವುದನ್ನೂ ಮಾಡಬಹುದೆಂಬ ಜೋಡಣೆ ಅವರದು. 1970ರಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್ 1103 ಚಿಪ್‌ನಲ್ಲಿ ಒಂದು ಕೋಶಕ್ಕೆ ಇನ್ನೂ ಮೂರು ಟ್ರಾನ್ಸಿಸ್ಟರ್‌ಗಳಿದ್ದವು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಜೋಡಣೆಯ ಬೆಲೆ ತಿಳಿಯುತ್ತದೆ.

ಆದರೂ ಕ್ಲೇಮ್ 9ನ್ನು ಹೇಗಿದೆಯೋ ಹಾಗೇ ಎತ್ತಿಕೊಂಡರೆ ಸಾಲದು. 2015ರಲ್ಲಿ ಅವತಾರ್ ಎಂಬ ಹೆಸರಿನ ಪ್ರಬಂಧ ಬಂದಿದೆ. ಅದರಲ್ಲಿ ಇಸಿಸಿ ದೋಷ ಕಂಡ ಸಾಲನ್ನು ಬೇಗ ರಿಫ್ರೆಶ್ ಮಾಡುವ ಗುಂಪಿಗೆ ಏರಿಸುತ್ತಾರೆ. 'ದೋಷದ ಎಣಿಕೆಗೆ ಅನುಗುಣವಾಗಿ ರಿಫ್ರೆಶ್ ಅವಧಿಯನ್ನು ಹೊಂದಿಸುವುದು' ಎಂದು ತಾವು ಬರೆದರೆ ಆ ಪ್ರಬಂಧದ ಬಲೆಗೆ ನೇರವಾಗಿ ಬೀಳುತ್ತೀರಿ. ತಮ್ಮಲ್ಲಿ ದೋಷದ ಎಣಿಕೆ ಅವಧಿಯನ್ನು ಮುಟ್ಟುವುದೇ ಇಲ್ಲ. ಅದು ಬದಲಿಸುವುದು ಕಾವಲು ಸಾಲಿನ ವರ್ಡ್‌ಲೈನ್ ವೋಲ್ಟೇಜನ್ನು; ಅವಧಿಯನ್ನು ನಿರ್ಧರಿಸುವುದು ಕಾವಲು ಸಾಲು. ಕ್ಲೇಮ್‌ನಲ್ಲಿ ಈ ಕ್ರಮ ಎದ್ದು ಕಾಣಬೇಕು.

ಭದ್ರಾವತಿಯ ಉಪನ್ಯಾಸಕಿ

ನಡುವೆ ಬರುತ್ತಿರುವುದಕ್ಕೆ ಕ್ಷಮೆಯಿರಲಿ. ವರದಿಯಲ್ಲಿ ಇಲ್ಲದ ಪ್ರಬಂಧವನ್ನು ನಾವೇ ಕಚೇರಿಗೆ ತಿಳಿಸಬೇಕೇ? ಇನ್ನೊಂದು ಪ್ರಶ್ನೆ: ಇವರ ಬಳಿ ತಯಾರಾದ ಚಿಪ್ ಇರಲಾರದು, ಸಿಮ್ಯುಲೇಷನ್ ಮಾತ್ರ ಇರಬಹುದು. ಅದು ಸಾಕೇ? ನಮ್ಮ ವಿದ್ಯಾರ್ಥಿಗಳೂ ಇದನ್ನೇ ಕೇಳುತ್ತಾರೆ. ಅವರಲ್ಲಿ ಕೆಲವರು ಅರ್ಜಿ ಹಾಕುವ ಮೊದಲೇ ಪ್ರಾಜೆಕ್ಟನ್ನು ಕಾಲೇಜಿನ ಪ್ರದರ್ಶನದಲ್ಲಿ ಇಟ್ಟಿರುತ್ತಾರೆ.

ಸಾಗರದ ಪೇಟೆಂಟ್ ಏಜೆಂಟ್

ಅಮೆರಿಕದಲ್ಲಿ ಅರ್ಜಿದಾರನು ತನಗೆ ತಿಳಿದಿರುವ ಮುಖ್ಯ ದಾಖಲೆಗಳನ್ನು ತಾನೇ ಮುಂದಿಡಬೇಕಾದ ಕರ್ತವ್ಯವಿದೆ. ನಮ್ಮ ಕಲಂ 8 ಕೇಳುವುದು ಹೊರದೇಶಗಳಲ್ಲಿ ಹಾಕಿರುವ ಅದೇ ವಿಷಯದ ಅರ್ಜಿಗಳ ವಿವರವನ್ನು. ಹಾಗೆಂದು ಅವತಾರ್ ಪ್ರಬಂಧ ಇಲ್ಲವೆಂಬಂತೆ ನಟಿಸುವುದು ಜಾಣತನವಲ್ಲ. ಕಲಂ 25(1)ರ ಅಡಿಯಲ್ಲಿ ಪೇಟೆಂಟ್ ಕೊಡುವ ಮೊದಲು ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು, ಕೊಟ್ಟ ಮೇಲೂ ಆಸಕ್ತರು ಒಂದು ವರ್ಷದೊಳಗೆ ವಿರೋಧಿಸಬಹುದು. ಎಕ್ಸಾಮಿನರ್‌ಗೆ ಸಿಗದ ಪ್ರಬಂಧ ಪ್ರತಿಸ್ಪರ್ಧಿಗೆ ಸಿಕ್ಕೇ ಸಿಗುತ್ತದೆ. ಆದ್ದರಿಂದ ಅದು ಎದುರಿಗಿದೆ ಎಂದುಕೊಂಡೇ ಕ್ಲೇಮ್ ಬರೆಯಬೇಕು.

ತಯಾರಾದ ಚಿಪ್ ಕಡ್ಡಾಯವಲ್ಲ. ಮಾದರಿ ಬೇಕೆಂದು ಕಂಟ್ರೋಲರ್‌ಗೆ ಅನಿಸಿದರೆ ಕಲಂ 10(3)ರ ಅಡಿಯಲ್ಲಿ ಕೇಳಬಹುದು. ಬೇಕಾಗಿರುವುದು ಕಲಂ 10(4) ಹೇಳುವ ಪೂರ್ಣ ವಿವರಣೆ: ಈ ವಿದ್ಯೆ ಬಲ್ಲವನೊಬ್ಬ ಅದನ್ನು ಓದಿ ಸ್ವತಃ ಮಾಡಿಕೊಳ್ಳುವಂತಿರಬೇಕು, ನಿಮಗೆ ಗೊತ್ತಿರುವ ಅತ್ಯುತ್ತಮ ವಿಧಾನವೂ ಅದರಲ್ಲಿರಬೇಕು. ಸಿಮ್ಯುಲೇಷನ್‌ನಲ್ಲಿ ಬಳಸಿದ ವೋಲ್ಟೇಜ್ ಹಂತಗಳು, ಕೆಪಾಸಿಟರ್ ಬೆಲೆ, ಉಷ್ಣತೆ ಇವೆಲ್ಲ ವಿವರಣೆಯಲ್ಲಿ ಅಂಕಿಗಳಾಗಿ ಇದ್ದರೆ ಉತ್ತರದಲ್ಲಿ ಅದೇ ಪುಟವನ್ನು ತೋರಿಸಬಹುದು. ಈಗ ಹೊಸದಾಗಿ ಮಾಡಿದ ಸಿಮ್ಯುಲೇಷನ್ ಅನ್ನು ವಾದಕ್ಕೆ ಬೆಂಬಲವಾಗಿ ಲಗತ್ತಿಸಬಹುದೇ ಹೊರತು ವಿವರಣೆಯೊಳಗೆ ತುರುಕಲಾಗುವುದಿಲ್ಲ.

ಪ್ರದರ್ಶನದ ವಿಷಯದಲ್ಲಿ ವಿದ್ಯಾರ್ಥಿಗಳಿಗೆ ಗಟ್ಟಿಯಾಗಿ ಹೇಳಿ, ಮೇಡಂ. ಕಲಂ 31 ಹನ್ನೆರಡು ತಿಂಗಳ ರಿಯಾಯಿತಿ ಕೊಡುವುದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ, ವಿದ್ವತ್ ಸಂಘದ ಮುಂದೆ ಓದಿದ ಪ್ರಬಂಧಕ್ಕೆ ಮತ್ತು ಇಂಥ ಇನ್ನು ಕೆಲವು ಸಂದರ್ಭಗಳಿಗೆ ಮಾತ್ರ. ಕಾಲೇಜಿನ ಸಭಾಂಗಣದ ಮೇಜು ಅದರಲ್ಲಿ ಸೇರುವುದಿಲ್ಲ. ಮೊದಲು ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ, ಹನ್ನೆರಡು ತಿಂಗಳೊಳಗೆ ಪೂರ್ಣ ವಿವರಣೆ ಕೊಟ್ಟರಾಯಿತು.

ಅಡಿಕೆ ಯಂತ್ರದವರು, ಹೊಸನಗರ

ಮೆಮೊರಿ ಚಿಪ್‌ಗಳನ್ನು ಮಾಡುವವರಲ್ಲಿ ದೊಡ್ಡವರು ಕೊರಿಯಾ, ಅಮೆರಿಕದವರು. ಇಲ್ಲಿ ಪೇಟೆಂಟ್ ಸಿಕ್ಕಿ ಇವರಿಗೇನು ಪ್ರಯೋಜನ ಎಂದು ನನ್ನ ಮಗ ಕೇಳುತ್ತಿದ್ದಾನೆ. ನನಗೆ ಉತ್ತರ ತಿಳಿಯಲಿಲ್ಲ.

ಸಾಗರದ ಪೇಟೆಂಟ್ ಏಜೆಂಟ್

ಕಲಂ 48ರ ಹಕ್ಕು ತಯಾರಿಕೆಗಷ್ಟೇ ಸೀಮಿತವಲ್ಲ, ಮಾರಾಟವೂ ಆಮದೂ ಅದರಲ್ಲಿ ಸೇರಿವೆ. ಚಿಪ್ ಎಲ್ಲೇ ತಯಾರಾಗಲಿ, ಭಾರತಕ್ಕೆ ಬರುವ ಫೋನಿನಲ್ಲಿ ಅದು ಇದ್ದರೆ ಪ್ರಶ್ನಿಸಬಹುದು. ಆದರೆ ಕಂಪನಿಯೊಂದು ಮುಚ್ಚಿದ ಚಿಪ್‌ನೊಳಗೆ ಕಾವಲು ಸಾಲು ಬಳಸಿದೆಯೆಂದು ಸಾಬೀತುಪಡಿಸುವುದು ಬಹಳ ದುಬಾರಿ ಕೆಲಸ ಎಂಬುದನ್ನೂ ತಿಳಿದಿರಲಿ. ಹೊರದೇಶದ ಅರ್ಜಿಗೆ ಮೊದಲ ಅರ್ಜಿಯ ದಿನಾಂಕದಿಂದ ಹನ್ನೆರಡು ತಿಂಗಳ ಅವಧಿಯಿತ್ತು, ಅದು ಮುಗಿದಿದೆ.

ತುಂಗಾತೀರ, ಶಿವಮೊಗ್ಗ

ಆ ಲೆಕ್ಕ ನಮಗೂ ಗೊತ್ತಿದೆ, ಇಲ್ಲಿನ ಹಕ್ಕು ಸಿಕ್ಕರೆ ಸಾಕು. ಎಲ್ಲರ ಸಲಹೆಯಂತೆ 7 ಮತ್ತು 9ನ್ನು ಕೂಡಿಸಿ ಬರೆದ ಕರಡು ಇದು. ಕಚೇರಿಗೆ ಇಂಗ್ಲಿಷಿನಲ್ಲಿ ಹೋಗುತ್ತದೆ, ಇಲ್ಲಿ ಅರ್ಥವನ್ನು ಕೊಟ್ಟಿದ್ದೇನೆ:

'ಅನೇಕ ಸಬ್‌ಅರೇಗಳುಳ್ಳ ಡೈನಮಿಕ್ ಮೆಮೊರಿ ಚಿಪ್. ಪ್ರತಿ ಸಬ್‌ಅರೇಯಲ್ಲಿ ದತ್ತಾಂಶದ ಸಾಲುಗಳೂ, ಅವುಗಳ ಬಿಟ್‌ಲೈನ್ ಮತ್ತು ಸೆನ್ಸ್ ಆಂಪ್ಲಿಫೈಯರ್‌ಗಳನ್ನೇ ಹಂಚಿಕೊಳ್ಳುವ ಒಂದು ಕಾವಲು ಸಾಲೂ ಇದ್ದು. ಕಾವಲು ಸಾಲಿನ ವರ್ಡ್‌ಲೈನ್ ಚಾಲಕವು ದತ್ತಾಂಶದ ಸಾಲುಗಳ ವರ್ಡ್‌ಲೈನ್ ವೋಲ್ಟೇಜ್‌ಗಿಂತ ಕಡಿಮೆಯಿರುವ ಹಲವು ವೋಲ್ಟೇಜ್ ಮಟ್ಟಗಳಲ್ಲಿ ಒಂದನ್ನು ಕೊಡುವಂತೆ ರಚಿತವಾಗಿದ್ದು. ದತ್ತಾಂಶದ ಸಾಲುಗಳಲ್ಲಿ ತಿದ್ದಿದ ದೋಷಗಳ ಸಂಖ್ಯೆಯನ್ನು ಎಣಿಸುವ ಕೌಂಟರ್ ಆ ಮಟ್ಟವನ್ನು ಆಯ್ಕೆ ಮಾಡುತ್ತಿದ್ದು. ಆಯ್ದ ಮಟ್ಟದಲ್ಲಿ ಬರೆದ ಕಾವಲು ಸಾಲನ್ನು ಓದಿದಾಗ ಸಿಕ್ಕ ಫಲಿತಾಂಶಕ್ಕೆ ಅನುಗುಣವಾಗಿ ಆ ಸಬ್‌ಅರೇಯ ರಿಫ್ರೆಶ್ ಅವಧಿಯನ್ನು ನಿಯಂತ್ರಣ ಸರ್ಕ್ಯೂಟ್ ಬದಲಿಸುತ್ತದೆ.'

ಬೆಂಗಳೂರಿನಲ್ಲಿರುವ ತೀರ್ಥಹಳ್ಳಿಯವ

ಈಗ ಡಿ1, ಡಿ2, ಅವತಾರ್ ಮೂರನ್ನೂ ಕೂಡಿಸಿದರೂ ವರ್ಡ್‌ಲೈನ್ ಮಟ್ಟವನ್ನು ದೋಷದ ಎಣಿಕೆಯಿಂದ ಆರಿಸುವ ಅಂಶ ಉಳಿದುಕೊಳ್ಳುತ್ತದೆ. ವಾದವನ್ನು ಅದರ ಮೇಲೆಯೇ ಕಟ್ಟಿ. ಒಂಟಿ ಕೋಶದ ಸೋರಿಕೆಯ ಸುದ್ದಿಯನ್ನು ಇಡೀ ಸಬ್‌ಅರೇಯ ಕಾವಲಿಗೆ ತಲುಪಿಸಲು ಸಾಲುವಾರು ಪಟ್ಟಿಯೇ ಬೇಕಾಗುವುದಿಲ್ಲ ಎಂಬ ತಾಂತ್ರಿಕ ಲಾಭವನ್ನು ಡಿ1ರ ಎದುರು ನೇರವಾಗಿ ಇಡಿ.

ಸಾಗರದ ಪೇಟೆಂಟ್ ಏಜೆಂಟ್

ಕರಡು ಚೆನ್ನಾಗಿದೆ. ಎರಡು ತಿದ್ದುಪಡಿ. 'ಹಲವು ಮಟ್ಟಗಳು' ಎಂಬುದಕ್ಕೆ ವಿವರಣೆಯಲ್ಲಿ ಆಧಾರವಿರುವ ಪುಟವನ್ನು ಉತ್ತರದಲ್ಲಿ ಉಲ್ಲೇಖಿಸಿ. ಹಾಗೆಯೇ, 9 ಈಗ ಮೊದಲನೆಯದರಲ್ಲಿ ಸೇರಿಹೋಗಿರುವುದರಿಂದ ಹಳೆಯ 10 ಯಾವುದನ್ನು ಅವಲಂಬಿಸುತ್ತದೆ ಎಂದು ನೋಡಿ ಸಂಖ್ಯೆಗಳನ್ನು ಸರಿಪಡಿಸಿ.

ಉತ್ತರದ ಬಳಿಕವೂ ಆಕ್ಷೇಪಣೆ ಉಳಿದರೆ ಕಲಂ 14ರ ವಿಚಾರಣೆಗೆ ಕರೆಯುತ್ತಾರೆ. ಅದು ವಿಡಿಯೊ ಮೂಲಕ ನಡೆಯುವುದರಿಂದ ಚೆನ್ನೈಗೆ ಹೋಗಬೇಕಾಗಿಲ್ಲ. ಮಳೆಗಾಲದಲ್ಲಿ ದಿನ ಗೊತ್ತಾದರೆ ಶಿವಮೊಗ್ಗ ಪೇಟೆಯೊಳಗೇ ಕುಳಿತುಕೊಳ್ಳಿ, ನಮ್ಮ ಕಡೆ ಒಂದು ಗಾಳಿಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುತ್ತವೆ. ವಿಚಾರಣೆಯ ನಂತರ ಲಿಖಿತ ಹೇಳಿಕೆಗೆ ಹದಿನೈದು ದಿನಗಳಿರುತ್ತವೆ. ನಿರಾಕರಿಸಿದರೆ ಮೂರು ತಿಂಗಳೊಳಗೆ ಮದ್ರಾಸ್ ಹೈಕೋರ್ಟಿಗೆ ಮೇಲ್ಮನವಿ.

ಈಗ ಸಲ್ಲಿಸುವಾಗ ತಿದ್ದುಪಡಿ ಗುರುತು ಮಾಡಿದ ಪ್ರತಿ, ಶುದ್ಧ ಪ್ರತಿ ಎರಡನ್ನೂ ಹಾಕಿ. ಸಾರಾಂಶದ ಪುಟದಲ್ಲಿ 'ವಿಧಾನ' ಎಂಬ ಮಾತು ಉಳಿದಿದ್ದರೆ ಅದನ್ನೂ ತೆಗೆಯಿರಿ.